ಬಾಲ್ ಮಿಲ್‌ನಲ್ಲಿ ಎಷ್ಟು ನುಣ್ಣಗೆ ಅರೆಯಬೇಕು? 150, 75, 45 ಮೈಕ್ರಾನ್ ನಡುವೆ ಆಯ್ಕೆ ಮಾಡುವುದು ಹೇಗೆ

ಕಳೆದ ತಿಂಗಳು ಸಂಡೂರು ಕಡೆಯ ಒಬ್ಬ ಹುಡುಗ ಝುವಾರಿನಗರದ ನಮ್ಮ ಮನೆಗೆ ಬಂದಿದ್ದ. ಇಲ್ಲೇ ಗೋವಾದ ಒಂದು ಅದಿರು ಪ್ಲಾಂಟ್‌ನಲ್ಲಿ ಶಿಫ್ಟ್ ನೋಡಿಕೊಳ್ಳುತ್ತಾನೆ. ಚಹಾ ಮುಗಿಯುವ ಮೊದಲೇ ಫೋನ್ ತೆಗೆದು ಲಾಗ್ ಶೀಟಿನ ಫೋಟೊ ತೋರಿಸಿದ. "ಅಣ್ಣಾ, ಮಿಲ್ ಅದೇ, ಮೋಟರ್ ಅದೇ, ಅದಿರೂ ಅದೇ. 150 ಮೈಕ್ರಾನ್‌ನಿಂದ 75ಕ್ಕೆ ಇಳಿಸ್ರಿ ಅಂದ್ರು, ಇಳಿಸಿದ್ವಿ. ಟನ್ ಯಾಕ್ ಇಷ್ಟ್ ಬಿತ್ತು? ನಮ್ಮಿಂದ ಏನ್ ತಪ್ಪಾತು?"

ಬಾಲ್ ಮಿಲ್ ಅಂದರೆ ಒಳಗೆ ಉಕ್ಕಿನ ಗುಂಡುಗಳು ಉರುಳುತ್ತಾ ಅದಿರು ಅರೆಯುವ, ತಿರುಗುವ ಡ್ರಮ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಅವನ ತಪ್ಪು ಏನೂ ಇರಲಿಲ್ಲ. 150ರಿಂದ 75ಕ್ಕೆ ಇಳಿದರೆ ಟನ್ ಬೀಳಲೇಬೇಕು. ಎಷ್ಟು ಬೀಳುತ್ತದೆ ಎಂದು ಮೊದಲೇ ಲೆಕ್ಕ ಹಾಕಲೂಬಹುದು. ಆ ಲೆಕ್ಕವನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಅಂದು ಅವನ ನೋಟ್‌ಬುಕ್‌ನಲ್ಲಿ ಬರೆದುಕೊಟ್ಟದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹೊಸಪೇಟೆ, ಬಳ್ಳಾರಿ, ಬಾಗಲಕೋಟೆ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬರುವ ನಮ್ಮ ಹುಡುಗರಿಗೆ ಉಪಯೋಗವಾಗಲಿ.

ಟನ್ ಎಲ್ಲಿಗೆ ಹೋಗುತ್ತದೆ

ಊರಿನ ಗಿರಣಿ ನೆನಪಿಸಿಕೊಳ್ಳಿ. ಅದೇ ಗಿರಣಿ ಇಡ್ಲಿ ರವೆಯನ್ನು ಬೇಗ ಬಿಡುತ್ತದೆ, ರೊಟ್ಟಿ ಹಿಟ್ಟನ್ನು ನಿಧಾನಕ್ಕೆ ಬಿಡುತ್ತದೆ. ಮೋಟರ್ ಕೊಡುವ ಶಕ್ತಿ ಇಷ್ಟೇ ಎಂದು ನಿಗದಿಯಾಗಿದೆ. ಒಂದೊಂದು ಕಾಳಿಗೂ ಜಾಸ್ತಿ ಶಕ್ತಿ ಬೇಕೆಂದರೆ ಒಂದು ಗಂಟೆಯಲ್ಲಿ ಕಡಿಮೆ ಕಾಳು ಹೊರಬರುತ್ತವೆ. ಬಾಲ್ ಮಿಲ್ ಕೂಡ ಹಾಗೇ. ಮಿಲ್ ಎಳೆಯುವ ಕಿಲೊವ್ಯಾಟ್ ಅನ್ನು ಒಂದು ಟನ್ನಿಗೆ ಬೇಕಾದ ಯೂನಿಟ್‌ನಿಂದ ಭಾಗಿಸಿ. ಬಂದದ್ದೇ ಗಂಟೆಗೆ ಎಷ್ಟು ಟನ್ ಎಂಬ ಸಂಖ್ಯೆ.

ಟನ್ನಿಗೆ ಎಷ್ಟು ಯೂನಿಟ್ ಬೇಕು ಎಂಬುದಕ್ಕೆ ಫ್ರೆಡ್ ಬಾಂಡ್ 1952ರಲ್ಲಿ ಕೊಟ್ಟ ಸೂತ್ರವನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ:

ಟನ್ನಿಗೆ ಯೂನಿಟ್ = 10 × ವರ್ಕ್ ಇಂಡೆಕ್ಸ್ × (1/√ಪಿ80 − 1/√ಎಫ್80)

ಎಫ್80 ಅಂದರೆ ಮಿಲ್‌ಗೆ ಹಾಕುವ ಅದಿರಿನಲ್ಲಿ 80 ಶೇಕಡಾ ದಾಟಿಹೋಗುವ ಜರಡಿಯ ಅಳತೆ. ಪಿ80 ಅಂದರೆ ಅರೆದು ಬಂದದ್ದರಲ್ಲಿ 80 ಶೇಕಡಾ ದಾಟುವ ಅಳತೆ. ಎರಡೂ ಮೈಕ್ರಾನ್‌ನಲ್ಲಿ. ವರ್ಕ್ ಇಂಡೆಕ್ಸ್ ಅದಿರಿನ ಗಟ್ಟಿತನ ಹೇಳುತ್ತದೆ, ಅದನ್ನು ಲ್ಯಾಬ್‌ನಲ್ಲಿ ಅಳೆಯುತ್ತಾರೆ.

ಒಂದು ಉದಾಹರಣೆ ಹಾಕೋಣ. ಅದಿರಿನ ವರ್ಕ್ ಇಂಡೆಕ್ಸ್ 12. ಫೀಡ್‌ನ (ಹಾಕುವ ಅದಿರಿನ) ಎಫ್80 10 ಮಿಲಿಮೀಟರ್, ಅಂದರೆ 10,000 ಮೈಕ್ರಾನ್. ಮಿಲ್‌ಗೆ ನಿಜವಾಗಿ ಸಿಗುವ ಶಕ್ತಿ 1,000 ಕಿಲೊವ್ಯಾಟ್. ಮಿಲ್ ಸೈಕ್ಲೋನ್ (ನೀರು-ಅದಿರನ್ನು ಸುತ್ತಿಸಿ ದಪ್ಪ, ಸಣ್ಣ ಕಾಳು ಬೇರ್ಪಡಿಸುವ ಸಾಧನ) ಜೊತೆ ಕ್ಲೋಸ್ಡ್ ಸರ್ಕ್ಯೂಟ್‌ನಲ್ಲಿ, ಅಂದರೆ ದಪ್ಪ ಕಾಳು ತಿರುಗಿ ಮಿಲ್‌ಗೆ ಬರುವಂತೆ, ಓಡುತ್ತಿದೆ. ಕೆಳಗಿನ ಅಳತೆಗಳು ಪಿ80, ಮೆಶ್ ಅಂದರೆ ಜರಡಿಯ ನಂಬರ್.

212 ಮೈಕ್ರಾನ್ (65 ಮೆಶ್): ಟನ್ನಿಗೆ 7 ಯೂನಿಟ್, ಗಂಟೆಗೆ 142 ಟನ್
150 ಮೈಕ್ರಾನ್ (100 ಮೆಶ್): 8.6 ಯೂನಿಟ್, 116 ಟನ್
106 ಮೈಕ್ರಾನ್ (150 ಮೆಶ್): 10.5 ಯೂನಿಟ್, 96 ಟನ್
75 ಮೈಕ್ರಾನ್ (200 ಮೆಶ್): 12.7 ಯೂನಿಟ್, 79 ಟನ್
45 ಮೈಕ್ರಾನ್ (325 ಮೆಶ್): 17.9 ಯೂನಿಟ್, 56 ಟನ್

ಕೊನೆಯ ಸಾಲಿಗೆ ಒಂದು ಮಾತು ಸೇರಿಸಬೇಕು. 75ಕ್ಕಿಂತ ಕೆಳಗೆ ಇಳಿದಂತೆ ಬಾಲ್ ಮಿಲ್ ಸೂತ್ರ ಹೇಳುವುದಕ್ಕಿಂತ ಜಾಸ್ತಿ ಕರೆಂಟ್ ತಿನ್ನುತ್ತದೆ. ಅದಕ್ಕೆ ಒಂದು ಗುಣಕ ಇದೆ: (ಪಿ80 + 10.3) ÷ (1.145 × ಪಿ80). 45 ಮೈಕ್ರಾನ್‌ಗೆ ಇದು 1.07 ಆಗುತ್ತದೆ. ಮೇಲಿನ 17.9ರಲ್ಲಿ ಅದೂ ಸೇರಿದೆ.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತಲ್ವಾ? 116 ಇದ್ದದ್ದು 79 ಆಯಿತು. ಮೂರರಲ್ಲಿ ಒಂದು ಪಾಲು ಹೋಯಿತು. ಅವನ ಲಾಗ್ ಶೀಟಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಬಿದ್ದಿತ್ತು. ಆಪರೇಟರ್‌ಗಳು ಚೆನ್ನಾಗಿಯೇ ಓಡಿಸುತ್ತಿದ್ದರು.

150 ಯಾರಿಗೆ, 75 ಯಾರಿಗೆ, 45 ಯಾರಿಗೆ

ಬೇಕಾದ ಖನಿಜ ಬೇಡದ ಕಲ್ಲಿನಿಂದ ಯಾವ ಅಳತೆಯಲ್ಲಿ ಬಿಡಿಸಿಕೊಳ್ಳುತ್ತದೋ ಅಲ್ಲಿಯವರೆಗೆ ಅರೆಯಬೇಕು. ಅದರಾಚೆ ಅರೆದದ್ದೆಲ್ಲ ಕರೆಂಟ್ ಬಿಲ್. ಹೇಳುವುದು ಸುಲಭ. ಆದರೆ ಬಹಳ ಕಡೆ ಅಳತೆಯನ್ನು ಹೀಗೆ ಆರಿಸುವುದಿಲ್ಲ. ಪಕ್ಕದ ಪ್ಲಾಂಟ್‌ನಲ್ಲಿ 75 ಇದೆ, ನಮ್ಮಲ್ಲೂ 75 ಇರಲಿ ಎನ್ನುತ್ತಾರೆ.

150ರ ಆಸುಪಾಸು: ಕಾಳು ದೊಡ್ಡದಿರುವ ಅದಿರಿಗೆ ಇದು ಸಾಕು. ಗ್ರಾವಿಟಿಯಿಂದ, ಅಂದರೆ ಸ್ಪೈರಲ್‌ನಂಥ ಯಂತ್ರದಲ್ಲಿ ಬೇರ್ಪಡಿಸುವುದಾದರೆ ಇನ್ನೂ ಒಳ್ಳೆಯದು. ತೀರಾ ನುಣ್ಣಗಿನ ಕಾಳನ್ನು ಸ್ಪೈರಲ್ ಹಿಡಿಯುವುದೇ ಇಲ್ಲ, ನೀರಿನ ಜೊತೆ ಬಿಟ್ಟುಬಿಡುತ್ತದೆ. ತಾಮ್ರದ ಖನಿಜವನ್ನು ನೊರೆಯಲ್ಲಿ ತೇಲಿಸಿ ತೆಗೆಯುವ ಫ್ಲೋಟೇಶನ್‌ನಲ್ಲೂ ಮೊದಲ ಹಂತಕ್ಕೆ ಈ ಅಳತೆ ಸಾಮಾನ್ಯ.

75ರಿಂದ 106: ಚಿನ್ನದ ಅದಿರನ್ನು ಸಯನೈಡ್‌ನಲ್ಲಿ ಕರಗಿಸುವವರು ಹೆಚ್ಚಾಗಿ 75ಕ್ಕೆ ಬರುತ್ತಾರೆ. ಚಿನ್ನ ಕಲ್ಲಿನಿಂದ ಪೂರ್ತಿ ಬಿಡಿಸಿಕೊಳ್ಳಬೇಕಾಗಿಲ್ಲ, ಒಂದು ಮೈ ಹೊರಗೆ ಕಂಡರೆ ಸಾಕು, ದ್ರಾವಣ ಅದನ್ನು ಮುಟ್ಟುತ್ತದೆ. ಗಟ್ಟಿ ಕಬ್ಬಿಣದ ಅದಿರಿಗೂ ಎಷ್ಟೋ ಕಡೆ ಇದೇ ಅಳತೆ.

45ರ ಆಸುಪಾಸು: ಪೆಲೆಟ್ ಮಾಡುವವರಿಗೆ ಇದು ತಪ್ಪಿದ್ದಲ್ಲ. ನುಣ್ಣಗಿನ ಪುಡಿ ಇಲ್ಲದಿದ್ದರೆ ಹಸಿ ಉಂಡೆ ಗಟ್ಟಿ ನಿಲ್ಲುವುದಿಲ್ಲ. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಕಲ್ಲಿನ ಜೊತೆ ಸಣ್ಣಕ್ಕೆ ಹೆಣೆದುಕೊಂಡಿರುವ ಅದಿರಿಗೂ ಇಷ್ಟು ಬೇಕಾಗಬಹುದು. ನಮ್ಮ ಕುದುರೆಮುಖ ಇಲ್ಲಿ ನೆನಪಾಗುತ್ತದೆ. 2005ರ ಕೊನೆಗೆ ಗಣಿ ನಿಲ್ಲುವವರೆಗೆ ಅಲ್ಲಿಯ ಮ್ಯಾಗ್ನೆಟೈಟ್ ಕಾನ್ಸಂಟ್ರೇಟ್ (ಬೇಡದ ಕಲ್ಲು ತೆಗೆದ ಅದಿರು) 67 ಕಿಲೊಮೀಟರ್ ಪೈಪ್‌ನಲ್ಲಿ ಸ್ಲರಿಯಾಗಿ, ಅಂದರೆ ನೀರಿನಲ್ಲಿ ಕಲಸಿದ ಪುಡಿಯಾಗಿ, ಮಂಗಳೂರಿಗೆ ಇಳಿಯುತ್ತಿತ್ತು. ಪೈಪ್‌ಲೈನ್‌ನಲ್ಲಿ ಹರಿಯಬೇಕಾದ ಸ್ಲರಿಯಲ್ಲಿ ತರಿ ಇದ್ದರೆ ತಳದಲ್ಲಿ ಕೂರುತ್ತದೆ, ಪೈಪ್ ಸವೆಸುತ್ತದೆ. ಅಂಥ ಕಡೆ ನುಣ್ಣಗೆ ಅರೆಯಲು ಕಾರಣ ಇದೆ.

45ಕ್ಕಿಂತ ತುಂಬಾ ಕೆಳಗೆ ಹೋಗಬೇಕಾದರೆ ಬಾಲ್ ಮಿಲ್ ಬಿಟ್ಟುಬಿಡಿ. ವರ್ಟಿಮಿಲ್, ಐಸಾಮಿಲ್ ಥರದ ಕಡೆಯುವ ಮಿಲ್‌ಗಳು ಅಲ್ಲಿ ಕಡಿಮೆ ಕರೆಂಟ್‌ನಲ್ಲಿ ಕೆಲಸ ಮುಗಿಸುತ್ತವೆ.

ಯಾವುದು ಎಂದು ತಿಳಿಯಲು ಒಂದು ಪರೀಕ್ಷೆ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇದು. ಖರ್ಚೂ ಹೆಚ್ಚಿಲ್ಲ. ಟೇಲಿಂಗ್ಸ್, ಅಂದರೆ ಖನಿಜ ತೆಗೆದ ಮೇಲೆ ಎಸೆಯುವ ಉಳಿಕೆ, ತೆಗೆದುಕೊಳ್ಳಿ. ಜರಡಿ ಹಿಡಿದು ಬೇರೆಬೇರೆ ಅಳತೆಯ ಪಾಲು ಮಾಡಿ. ಒಂದೊಂದು ಪಾಲಿನಲ್ಲೂ ಎಷ್ಟು ಕಬ್ಬಿಣ ಇದೆ ಎಂದು ಅಸ್ಸೇ ಮಾಡಿಸಿ. ಆಮೇಲೆ ನಷ್ಟ ಎಲ್ಲಿದೆ ನೋಡಿ.

ದಪ್ಪ ಪಾಲಿನಲ್ಲಿ ಕಬ್ಬಿಣ ಹೋಗುತ್ತಿದ್ದರೆ ಖನಿಜ ಇನ್ನೂ ಕಲ್ಲಿಗೆ ಅಂಟಿಕೊಂಡಿದೆ ಎಂದರ್ಥ. ಅಲ್ಲಿ ನುಣ್ಣಗೆ ಅರೆದರೆ ಲಾಭ. ತೀರಾ ಸಣ್ಣ ಪಾಲಿನಲ್ಲಿ, 10–20 ಮೈಕ್ರಾನ್ ಕೆಳಗೆ, ನಷ್ಟ ಜಾಸ್ತಿ ಇದ್ದರೆ ಆಗಲೇ ಜಾಸ್ತಿ ಅರೆದಾಗಿದೆ. ಇನ್ನೂ ಅರೆದರೆ ನಷ್ಟ ಬೆಳೆಯುತ್ತದೆ. ಎರಡೂ ಕಡೆ ನಷ್ಟ ಇದ್ದರೆ ತೊಂದರೆ ಅಳತೆಯಲ್ಲಿಲ್ಲ, ಸೈಕ್ಲೋನ್‌ನಲ್ಲಿದೆ. ಅದಕ್ಕೆ ಮುಂದೆ ಬರುತ್ತೇನೆ.

ಜರಡಿ ಹಿಡಿಯುವಾಗ ಒಂದು ಎಚ್ಚರ. ಗೋವಾದ ಅದಿರಿನಲ್ಲಿ ಜೇಡಿ ಇದೆ. ಒಣಗಿಸಿ ಸುಮ್ನೆ ಅಲ್ಲಾಡಿಸಿದರೆ ಜೇಡಿ ಉಂಡೆಕಟ್ಟಿ ಜರಡಿಯ ಮೇಲೇ ನಿಲ್ಲುತ್ತದೆ, ಅರೆತ ಸಾಲದು ಎಂದು ಕಾಣುತ್ತದೆ. ಹಸಿಯಾಗಿಯೇ ಹಿಡಿಯಬೇಕು. ಸೈಕ್ಲೋನ್ ಓವರ್‌ಫ್ಲೋನಿಂದ (ಮೇಲಿನಿಂದ ಹೊರಬರುವ ಸಣ್ಣ ಕಾಳಿನ ಪಾಲು) ಒಂದು ಮಗ್ ಹಿಡಿದು 200 ಮೆಶ್ ಜರಡಿಗೆ ಸುರಿಯಿರಿ. ಸಣ್ಣ ಧಾರೆಯ ನೀರು ಬಿಡಿ. ಕೆಳಗೆ ಬೀಳುವ ಕೆಂಪು ನೀರು ಪೂರ್ತಿ ತಿಳಿಯಾಗುವವರೆಗೆ ತೊಳೆಯಿರಿ. ಉಳಿದದ್ದನ್ನು ಒಣಗಿಸಿ ತೂಗಿ. ಕೈಯ ಅಭ್ಯಾಸವೂ ಬರುತ್ತದೆ. ಸ್ಲರಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿದರೆ 150 ರವೆಯಂತೆ ಚುಚ್ಚುತ್ತದೆ. 75ರಲ್ಲಿ ಅಲ್ಲೊಂದು ಇಲ್ಲೊಂದು ತರಿ ಸಿಗುತ್ತದೆ. 45ಕ್ಕೆ ಬಂದರೆ ಪೌಡರ್ ಕಲಸಿದ ಹಾಗೆ ಜಾರುತ್ತದೆ. ಹಳೆಯ ಆಪರೇಟರ್‌ಗಳು ಲ್ಯಾಬ್ ರಿಪೋರ್ಟ್ ಬರುವ ಮೊದಲೇ ಇದನ್ನು ಹೇಳಿಬಿಡುತ್ತಾರೆ.

ವರ್ಕ್ ಇಂಡೆಕ್ಸ್ ಬಗ್ಗೆಯೂ ಒಂದು ಮಾತು. ಲ್ಯಾಬ್‌ನವರು 12 ಎಂದು ಕೊಟ್ಟರೆ ಅಷ್ಟಕ್ಕೇ ತೃಪ್ತರಾಗಬೇಡಿ. ಯಾವ ಜರಡಿಯಲ್ಲಿ ಟೆಸ್ಟ್ ಮುಗಿಸಿದಿರಿ ಎಂದು ಕೇಳಿ. 150 ಮೈಕ್ರಾನ್ ಜರಡಿಯಲ್ಲಿ ಮಾಡಿದ ಟೆಸ್ಟ್ ಹಿಡಿದು 45ಕ್ಕೆ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಎಷ್ಟೋ ಅದಿರಿನಲ್ಲಿ ಅಳತೆ ಇಳಿದಂತೆ ಇಂಡೆಕ್ಸ್ ಬದಲಾಗುತ್ತದೆ.

ಅಳತೆ ಬದಲಿಸದೆ ಟನ್ ಹೆಚ್ಚಿಸಲು

ಫೀಡ್ ಸಣ್ಣ ಮಾಡಿ ಎಂಬುದು ಎಲ್ಲರೂ ಮೊದಲು ಕೊಡುವ ಸಲಹೆ. ಕ್ರಶರ್ ಬಿಗಿ ಮಾಡಿ 10 ಮಿಲಿಮೀಟರ್ ಇದ್ದದ್ದನ್ನು 6ಕ್ಕೆ ತಂದರೆ ಏನಾಗುತ್ತದೆ? ಮೇಲಿನ ಉದಾಹರಣೆಗೇ ಹಾಕಿ ನೋಡಿ. 212 ಮೈಕ್ರಾನ್ ಅರೆತಕ್ಕೆ ಸುಮಾರು 5 ಶೇಕಡಾ ಲಾಭ. 75 ಮೈಕ್ರಾನ್‌ಗೆ 3 ಶೇಕಡಾ ಕೂಡ ಇಲ್ಲ. ನುಣ್ಣಗೆ ಅರೆಯುವವರಿಗೆ ಶಕ್ತಿಯೆಲ್ಲ ಕೊನೆಯ ಮೆಟ್ಟಿಲಿನಲ್ಲೇ ಹೋಗುತ್ತದೆ, ಮೊದಲ ಮೆಟ್ಟಿಲಿನಲ್ಲಿ ಉಳಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ದಪ್ಪ ಅರೆತದವರು ಕ್ರಶರ್‌ಗೆ ದುಡ್ಡು ಹಾಕಲಿ. ನುಣ್ಣನೆಯವರು ಸೈಕ್ಲೋನ್ ಕಡೆ, ಗುಂಡುಗಳ ಕಡೆ ನೋಡಲಿ.

ಓಪನ್ ಸರ್ಕ್ಯೂಟೋ ಕ್ಲೋಸ್ಡೋ ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ಓಪನ್‌ನಲ್ಲಿ ಅದಿರು ಒಂದೇ ಸಲ ಮಿಲ್ ದಾಟುತ್ತದೆ. ದಪ್ಪ ಕಾಳು ಸಣ್ಣದಾಗಲಿ ಎಂದು ಕಾಯುತ್ತಾ ಆಗಲೇ ಸಣ್ಣಗಾದದ್ದನ್ನೂ ಅರೆಯುತ್ತಿರುತ್ತೇವೆ. ಅದೇ ಪಿ80 ಬೇಕೆಂದರೆ ಓಪನ್‌ಗೆ ಸುಮಾರು 20 ಶೇಕಡಾ ಜಾಸ್ತಿ ಶಕ್ತಿ ಬೇಕು. 80ರ ಬದಲು 95 ಶೇಕಡಾ ದಾಟಲೇಬೇಕು ಎಂಬ ಷರತ್ತಿದ್ದರೆ 57 ಶೇಕಡಾ. ಉದಾಹರಣೆಯ 79 ಟನ್ ಓಪನ್‌ನಲ್ಲಿ 66 ಆಗುತ್ತದೆ. ಕ್ಲೋಸ್ಡ್‌ನಲ್ಲಿ ಸರ್ಕ್ಯುಲೇಟಿಂಗ್ ಲೋಡ್ 250 ಶೇಕಡಾ ಆಸುಪಾಸು ಇರಲಿ. ಹೊಸ ಅದಿರು 100 ಟನ್ ಬಂದರೆ ತಿರುಗಿ ಮಿಲ್‌ಗೆ ಬರುವುದು 250 ಟನ್. ಹೊಸಬರಿಗೆ ಇದು ದಂಡ ಎನಿಸುತ್ತದೆ. ಆದರೆ ಕಾಳು ಬೇಗಬೇಗ ಹೊರಬಂದು ಸಣ್ಣದ್ದು ತಪ್ಪಿಸಿಕೊಳ್ಳುವುದೇ ಇದರ ಲಾಭ. 350 ದಾಟಿಸಿದರೆ ಮಾತ್ರ ಪಂಪ್ ಖರ್ಚು ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ.

ಇನ್ನು ಸೈಕ್ಲೋನೋ ಸಣ್ಣ ಜರಡಿಯೋ. ಕಬ್ಬಿಣದವರಿಗೆ ಇದು ಬಹಳ ಮುಖ್ಯ, ಆದರೂ ಕಡಿಮೆ ಜನ ಇದರ ಬಗ್ಗೆ ಯೋಚಿಸುತ್ತಾರೆ. ಸೈಕ್ಲೋನ್ ಕಾಳನ್ನು ಅಳತೆ ನೋಡಿ ಬಿಡುವುದಿಲ್ಲ. ತೂಕವನ್ನೂ ನೋಡುತ್ತದೆ. ಹೆಮಟೈಟ್‌ನ (ಕಬ್ಬಿಣದ ಖನಿಜ) ಸಾಂದ್ರತೆ ಸುಮಾರು 5.2, ಕ್ವಾರ್ಟ್ಜ್‌ನದು (ಬೇಡದ ಕಲ್ಲು) 2.65. ನೀರಿನಲ್ಲಿ ಮುಳುಗುವ ವೇಗದ ಲೆಕ್ಕ ಹಾಕಿದರೆ 75 ಮೈಕ್ರಾನ್ ಕ್ವಾರ್ಟ್ಜ್ ಕಾಳು ಮತ್ತು 47 ಮೈಕ್ರಾನ್ ಹೆಮಟೈಟ್ ಕಾಳು ಒಂದೇ ಸಮ ಇಳಿಯುತ್ತವೆ. ಅಂದರೆ ಸೈಕ್ಲೋನ್ ದಪ್ಪ ಕಲ್ಲನ್ನು ಹೊರಗೆ ಬಿಟ್ಟು, ಆಗಲೇ ಸಾಕಷ್ಟು ಸಣ್ಣಗಾದ ಕಬ್ಬಿಣವನ್ನು ತಿರುಗಿ ಮಿಲ್‌ಗೆ ತಳ್ಳುತ್ತದೆ. ನಮಗೆ ಬೇಕಾದ ಖನಿಜವೇ ಮತ್ತೆಮತ್ತೆ ಪೆಟ್ಟು ತಿಂದು ಸ್ಲೈಮ್, ಅಂದರೆ ಹಿಡಿಯಲಾಗದಷ್ಟು ನುಣ್ಣಗಿನ ಕೆಸರು, ಆಗುತ್ತದೆ. ಟೇಲಿಂಗ್ಸ್‌ನಲ್ಲಿ ಎರಡೂ ಕಡೆ ನಷ್ಟ ಕಾಣುವುದು ಇದರಿಂದಲೇ. ಹೈ ಫ್ರೀಕ್ವೆನ್ಸಿ ಜರಡಿ ಅಳತೆಯನ್ನು ಮಾತ್ರ ನೋಡುತ್ತದೆ. ಅದನ್ನು ಹಾಕಿದರೆ ಮಿಲ್ ಮೇಲಿನ ಭಾರ ಇಳಿಯುತ್ತದೆ, ಅದೇ ಕರೆಂಟ್‌ನಲ್ಲಿ ಟನ್ ಏರುತ್ತದೆ. ಜರಡಿಯ ಪ್ಯಾನೆಲ್ ಸವೆಯುತ್ತದೆ, ಜಾಗ ಜಾಸ್ತಿ ಬೇಕು, ನಿಜ. ಆದರೂ ಭಾರದ ಖನಿಜ ಇರುವಲ್ಲಿ ಹೊಸ ಮಿಲ್ ಕೊಳ್ಳುವ ಮೊದಲು ಜರಡಿಯ ಬೆಲೆ ವಿಚಾರಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಗುಂಡುಗಳ ಲೆಕ್ಕ ಸರಳ. 50 ಮಿಲಿಮೀಟರ್ ಗುಂಡುಗಳ ಬದಲು ಅದೇ ತೂಕದ 25 ಮಿಲಿಮೀಟರ್ ಗುಂಡು ಹಾಕಿದರೆ ಸಂಖ್ಯೆ ಎಂಟು ಪಟ್ಟು, ಉಜ್ಜುವ ಮೈ ಎರಡು ಪಟ್ಟು. ನುಣ್ಣನೆಯ ಅರೆತಕ್ಕೆ ಸಣ್ಣ ಗುಂಡು ಬೇಕು. ಆದರೆ ಫೀಡ್‌ನಲ್ಲಿ ದಪ್ಪ ಕಲ್ಲಿದ್ದರೆ ಸಣ್ಣ ಗುಂಡಿಗೆ ಅದನ್ನು ಒಡೆಯುವ ಪೆಟ್ಟು ಇರುವುದಿಲ್ಲ. ಒಡೆಯದ ಕಲ್ಲು ಮಿಲ್ ಬಾಯಿಂದ ಹಾಗೇ ಉರುಳಿ ಹೊರಗೆ ಬರುತ್ತದೆ. ಅದು ಕಂಡರೆ ಗುಂಡು ತೀರಾ ಸಣ್ಣದಾಯಿತು ಎಂದು ತಿಳಿಯಿರಿ. ಗ್ರೇಟ್ ಡಿಸ್ಚಾರ್ಜ್ ಮಿಲ್ಲೋ (ಸ್ಲರಿ ಜಾಲರಿಯ ಮೂಲಕ ಹೊರಬರುವುದು) ಓವರ್‌ಫ್ಲೋ ಮಿಲ್ಲೋ (ಬಾಯಿಂದ ತುಂಬಿ ಹರಿಯುವುದು) ಎಂದು ಕೇಳಿದರೆ, ದಪ್ಪ ಅರೆತಕ್ಕೆ ಗ್ರೇಟ್, ನುಣ್ಣನೆಗೆ ಓವರ್‌ಫ್ಲೋ. ಅದೇ ಗಾತ್ರದ ಗ್ರೇಟ್ ಮಿಲ್ ಸುಮಾರು 15 ಶೇಕಡಾ ಜಾಸ್ತಿ ಶಕ್ತಿ ಎಳೆಯುತ್ತದೆ, ಟನ್ ಕೂಡ ಅಷ್ಟು ಏರುತ್ತದೆ, ಆದರೆ ಗ್ರೇಟ್ ರಿಪೇರಿಯ ಕೆಲಸ ಇರುತ್ತದೆ.

ಎರಡು ಹಂತದ ಅರೆತ

45 ಮೈಕ್ರಾನ್ ಬೇಕೇ ಬೇಕು ಎಂದಾಗಲೂ ಅದಿರೆಲ್ಲವನ್ನೂ 45ಕ್ಕೆ ಇಳಿಸಬೇಕಾಗಿಲ್ಲ. ನನಗೆ ಇದೇ ಎಲ್ಲಕ್ಕಿಂತ ಇಷ್ಟವಾದ ಆಯ್ಕೆ. ಮೊದಲು ಎಲ್ಲವನ್ನೂ 150ಕ್ಕೆ ಅರೆಯಿರಿ. ಅಲ್ಲೇ ಬೇರ್ಪಟ್ಟ ಬರೀ ಕಲ್ಲನ್ನು ಎಸೆಯಿರಿ. ಉಳಿದದ್ದನ್ನು ಮಾತ್ರ ಎರಡನೇ ಮಿಲ್‌ಗೆ ಕಳಿಸಿ.

ಗಂಟೆಗೆ 100 ಟನ್ ಎಂದು ಹಿಡಿಯಿರಿ. ಒಂದೇ ಸಲ 45ಕ್ಕೆ ಅರೆದರೆ 1,790 ಯೂನಿಟ್. ಎರಡು ಹಂತದಲ್ಲಿ ಮಾಡಿ ಮಧ್ಯೆ ಅರ್ಧ ಎಸೆದರೆ ಮೊದಲ ಹಂತಕ್ಕೆ 860, ಎರಡನೇ ಹಂತದ 50 ಟನ್ನಿಗೆ ಸುಮಾರು 435, ಒಟ್ಟು 1,295. ದಿನಕ್ಕೆ ಸುಮಾರು 12,000 ಯೂನಿಟ್ ಉಳಿತಾಯ. 150ರಲ್ಲಿ ಎಸೆಯುವಷ್ಟು ಬರೀ ಕಲ್ಲು ಬಿಡಿಸಿಕೊಳ್ಳದ ಅದಿರಿಗೆ ಮಾತ್ರ ಇದು ಹೊಂದುವುದಿಲ್ಲ.

ಗೋವಾದ ಮಣ್ಣು, ಗೋವಾದ ನೀರು

ಇಲ್ಲಿಯ ಅದಿರು ಬಳ್ಳಾರಿಯ ಗಟ್ಟಿ ಅದಿರಿನಂತಲ್ಲ. ಅರ್ಧಕ್ಕರ್ಧ ಮೊದಲೇ ಪುಡಿ, ಜೊತೆಗೆ ಗೋಥೈಟ್ ಎಂಬ ಕಬ್ಬಿಣದ ಖನಿಜ, ಜೇಡಿ. ಆಗಲೇ ಸಣ್ಣಗಿರುವುದನ್ನು ಮಿಲ್ ಒಳಗೆ ಹಾಕುವುದೇ ತಪ್ಪು. ಹೊಸ ಫೀಡನ್ನು ಮೊದಲು ಸೈಕ್ಲೋನ್‌ಗೋ ಜರಡಿಗೋ ಕೊಡಿ. ಸಣ್ಣದ್ದು ಅಲ್ಲೇ ತಪ್ಪಿಸಿಕೊಳ್ಳಲಿ, ದಪ್ಪದ್ದು ಮಾತ್ರ ಮಿಲ್‌ಗೆ ಬರಲಿ. ಜೇಡಿಯನ್ನು ಸ್ಕ್ರಬರ್‌ನಲ್ಲಿ ತೊಳೆದು ತೆಗೆದರೆ ಮಿಲ್ ಒಳಗಿನ ಸ್ಲರಿ ಅಂಟಾಗುವುದೂ ತಪ್ಪುತ್ತದೆ. ಅಂಟಾದ ಸ್ಲರಿಯಲ್ಲಿ ಗುಂಡಿನ ಪೆಟ್ಟು ಮೆತ್ತೆಯ ಮೇಲೆ ಬಿದ್ದ ಹಾಗೆ.

ತುಂಬಾ ವರ್ಷಗಳ ಹಿಂದೆ ನಾನಿದ್ದ ಒಂದು ಪ್ಲಾಂಟ್‌ನಲ್ಲಿ ಗ್ರೇಡ್ (ಕಬ್ಬಿಣದ ಪ್ರಮಾಣ) ಸಾಲದು ಎಂದು ಅರೆತ ಇಳಿಸಿದೆವು. ಗ್ರೇಡ್ ಅಷ್ಟೇನೂ ಏರಲಿಲ್ಲ. ನಾಲ್ಕೇ ದಿನಕ್ಕೆ ಥಿಕ್ನರ್ (ಸ್ಲರಿಯ ಪುಡಿ ತಳಕ್ಕಿಳಿದು ನೀರು ತಿಳಿಯಾಗುವ ತೊಟ್ಟಿ) ಮೇಲಿನ ನೀರು ತಿಳಿ ಬಿಟ್ಟು ಕೆಂಪಾಯಿತು. ಫಿಲ್ಟರ್ ಕೇಕ್ ಬಟ್ಟೆ ಬಿಟ್ಟು ಬರಲೇ ಇಲ್ಲ. ಮಿಲ್ ಓಡುತ್ತಿದ್ದರೂ ಫಿಲ್ಟರ್‌ಗಾಗಿ ಫೀಡ್ ಕಡಿಮೆ ಮಾಡಬೇಕಾಯಿತು. ಆ ಕೆಂಪು ನೀರಿನಲ್ಲಿ ಹೋಗುತ್ತಿದ್ದದ್ದು ನಮ್ಮ ಕಬ್ಬಿಣವೇ. ಕೆಳಗೆ ಭತ್ತದ ಗದ್ದೆಗಳಿದ್ದವು. ಟೇಲಿಂಗ್ಸ್ ಪಾಂಡ್ ಕಟ್ಟೆಯ ಮೇಲೆ ಸರದಿಯಂತೆ ರಾತ್ರಿಯಿಡೀ ಕಾವಲು ನಿಂತದ್ದು ನನಗೆ ಇನ್ನೂ ಮರೆತಿಲ್ಲ. ಮಿಲ್‌ನ ಅಳತೆ ಬದಲಿಸುವ ಮೊದಲು ಥಿಕ್ನರ್, ಫಿಲ್ಟರ್ ತಡೆಯುತ್ತವೆಯೇ ಎಂದು ನಾನು ಆವತ್ತಿನಿಂದ ಮೊದಲು ಕೇಳುತ್ತೇನೆ.

ಇನ್ನೊಂದು ಸಂಗತಿ ಹಡಗಿಗೆ ಸಂಬಂಧಿಸಿದ್ದು. ನುಣ್ಣಗಿನ ಪುಡಿ ನೀರನ್ನು ಬಿಡುವುದಿಲ್ಲ. ತೇವ ಮಿತಿ ಮೀರಿದರೆ ಸಮುದ್ರದ ಕುಲುಕಾಟಕ್ಕೆ ಹಡಗಿನ ಹೊಟ್ಟೆಯೊಳಗಿನ ಅದಿರು ಕೆಸರಿನಂತೆ ಹರಿದು ಒಂದೇ ಕಡೆ ವಾಲುತ್ತದೆ. 2009ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ ಏಷ್ಯನ್ ಫಾರೆಸ್ಟ್ ಮುಳುಗಿತು. ಅದೇ ವರ್ಷ ಪಾರಾದೀಪ್ ಬಳಿ ಬ್ಲ್ಯಾಕ್ ರೋಸ್ ಮುಳುಗಿತು. ಮಾಂಡೋವಿ, ಝುವಾರಿಯಲ್ಲಿ ಬಾರ್ಜ್ ತುಂಬಿ ಮುರಗಾಂವ್ ಬಂದರಿಗೆ ಕಳಿಸುವವರು ಅರೆತ ಇಳಿಸುವಾಗ ಕೇಕ್‌ನ ತೇವವನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳಬೇಕು.

ಹುಡುಗನ ಫೋನ್

ಮೊನ್ನೆ ಅವನು ಫೋನ್ ಮಾಡಿದ್ದ. ಟೇಲಿಂಗ್ಸ್ ಜರಡಿ ಹಿಡಿಸಿದ್ದಾನೆ, ಹಸಿಯಾಗಿಯೇ. ದಪ್ಪ ಪಾಲಿನಲ್ಲಿ ಕಬ್ಬಿಣ ಹೆಚ್ಚೇನೂ ಇಲ್ಲ. ನಷ್ಟದ ಬಹುಪಾಲು 20 ಮೈಕ್ರಾನ್ ಕೆಳಗೆ. ಅಂದರೆ 75 ಅವನ ಅದಿರಿಗೆ ಬೇಕಾಗಿರಲಿಲ್ಲ. "ಸಾಹೇಬ್ರಿಗೆ ತೋರ್ಸಿದೆ ಅಣ್ಣಾ. 106ಕ್ಕೆ ಒಂದು ವಾರ ಓಡಿಸಿ ನೋಡು ಅಂದಾರ" ಎಂದ. ಲೆಕ್ಕದ ಪ್ರಕಾರ 79 ಇದ್ದಲ್ಲಿ 96 ಬರಬೇಕು.

ಸೈಕ್ಲೋನ್‌ಗೆ ಹಾಕುವ ನೀರನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡು ಎಂದೆ. ನೀರು ಇಳಿದರೆ ಕಟ್, ಅಂದರೆ ಸೈಕ್ಲೋನ್ ಬೇರ್ಪಡಿಸುವ ಅಳತೆ, ದಪ್ಪವಾಗುತ್ತದೆ. ಒಮ್ಮೆ ಇಳಿಸಿದ ಮೇಲೆ ಸರ್ಕ್ಯೂಟ್ ನೆಲೆಗೊಳ್ಳಲು ಒಂದೆರಡು ಗಂಟೆ ಬಿಡು, ಆಮೇಲೆ ಸ್ಯಾಂಪಲ್ ಹಿಡಿ ಎಂದೂ ಹೇಳಿದೆ. ಬುಧವಾರದ ಹಗಲು ಶಿಫ್ಟ್‌ನಲ್ಲಿ ಶುರು ಮಾಡುತ್ತಾರಂತೆ. 150 ಮೆಶ್ ಜರಡಿ ಅವರ ಲ್ಯಾಬ್‌ನಲ್ಲಿ ಹರಿದಿದೆಯಂತೆ, ನನ್ನದನ್ನು ಒಯ್ಯಲು ಬರುತ್ತಾನೆ.